ಲಟಕ್ ಎನ್ನುವ ಮಂಡಿಗೆ ಮಾತ್ರೆ ಏನು ಮಾಡೀತು?

ಕೈಜಾರಿ ಬಿದ್ದ ಪೆನ್ನು ಎತ್ತಿಕೊಳ್ಳೋಣವೆಂದು ಕುಕ್ಕರುಗಾಲಲ್ಲಿ ಕೂರುತ್ತೀರಿ. ಏಳುವಾಗ ಮಂಡಿ ಲಟಕ್ ಅನ್ನುತ್ತದೆ. ನೋವೇನೂ ಇಲ್ಲ, ಆದರೆ ಸದ್ದು ಪಕ್ಕದವರಿಗೂ ಕೇಳಿಸಿದೆ. "ಕೀಲಿನ ಎಣ್ಣೆ ಒಣಗ್ತಾ ಬಂತು ನೋಡು" ಅಂತ ಅವರು ನಗುತ್ತಾರೆ. ನೀವೂ ನಗುತ್ತೀರಿ. ರಾತ್ರಿ ಮಲಗುವ ಮುನ್ನ ಮಾತ್ರ ಫೋನು ಹಿಡಿದು ಹುಡುಕುತ್ತೀರಿ. ಹತ್ತು ನಿಮಿಷ ಕಳೆಯುವುದರೊಳಗೆ ಗ್ಲುಕೋಸಮೈನ್, ಕೊಂಡ್ರಾಯ್ಟಿನ್, ಕೊಲಾಜೆನ್, ಕರ್ಕ್ಯುಮಿನ್, ಎಂಎಸ್‌ಎಂ, ಮೀನೆಣ್ಣೆ ಎಂದು ಹೆಸರುಗಳ ಸಂತೆಯೇ ನೆರೆದಿರುತ್ತದೆ. ಪ್ರತಿ ಡಬ್ಬಿಯ ಮೇಲೂ ನಗುವ ಮುಖ, ಓಡುವ ಕಾಲು, ನೀಲಿಯಾಗಿ ಹೊಳೆಯುವ ಮಂಡಿ.

"ಎಣ್ಣೆ ಒಣಗಿದೆ" ಎಂಬ ಆ ಮಾತಿನ ಮೇಲೇ ಇಡೀ ವ್ಯಾಪಾರ ನಿಂತಿದೆ. ಕೀಲು ಎಂಬ ಪದವನ್ನು ನಾವು ಬಾಗಿಲಿಗೂ ಬಳಸುತ್ತೇವೆ, ಗಾಡಿಗೂ ಬಳಸುತ್ತೇವೆ, ಮೈಗೂ ಬಳಸುತ್ತೇವೆ. ಬಾಗಿಲು ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡುತ್ತೇವೆ, ಸದ್ದು ನಿಲ್ಲುತ್ತದೆ. ಮಂಡಿ ಸದ್ದು ಮಾಡಿದರೂ ಏನೋ ಕಡಿಮೆಯಾಗಿದೆ, ಅದನ್ನು ಬಾಯಿಂದ ತುಂಬಿಸಿದರೆ ಸರಿಹೋಗುತ್ತದೆ ಅನ್ನಿಸುವುದು ಸಹಜ. ಮೈಯ ಕೀಲು ಬಾಗಿಲ ಕೀಲಿನ ಹಾಗಿಲ್ಲ ಎಂಬುದೇ ತೊಡಕು.

ಸದ್ದು ಎಲ್ಲಿಂದ?

ಬೆರಳಿನಿಂದ ಶುರು ಮಾಡೋಣ, ಏಕೆಂದರೆ ನೆಟಿಕೆ ಮುರಿಯುವ ಸದ್ದಿನ ಬಗ್ಗೆ ವಿಜ್ಞಾನಿಗಳು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಕೀಲಿನ ಸುತ್ತ ಒಂದು ಪುಟ್ಟ ಚೀಲವಿದೆ. ಒಳಗೆ ಮೊಟ್ಟೆಯ ಬಿಳಿಯಂಥ ಲೋಳೆ ದ್ರವ. ಆ ದ್ರವದಲ್ಲಿ ಅನಿಲ ಕರಗಿಕೊಂಡಿರುತ್ತದೆ. ಬೆರಳನ್ನು ಎಳೆದಾಗ ಎರಡು ಮೂಳೆಗಳ ನಡುವಿನ ಜಾಗ ಫಕ್ಕನೆ ಹಿಗ್ಗುತ್ತದೆ, ಒಳಗಿನ ಒತ್ತಡ ಕುಸಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದೂ ಹೆಚ್ಚುಕಡಿಮೆ ಇದೇ.

1947ರಲ್ಲಿ ರೋಸ್ಟನ್ ಮತ್ತು ಹೇನ್ಸ್ ಎಂಬಿಬ್ಬರು ಬೆರಳನ್ನು ಎಳೆಯುತ್ತ ಎಕ್ಸ್-ರೇ ತೆಗೆದು, ಗುಳ್ಳೆ ಹುಟ್ಟುವಾಗ ಸದ್ದು ಬರುತ್ತದೆ ಎಂದರು. 1971ರಲ್ಲಿ ಬಂದ ಮತ್ತೊಂದು ಅಧ್ಯಯನ, ಇಲ್ಲ, ಗುಳ್ಳೆ ಒಡೆಯುವಾಗ ಸದ್ದು ಎಂದಿತು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಒಬ್ಬನ ಬೆರಳನ್ನು ಕೊಳವೆಗೆ ಕಟ್ಟಿ, ಎಂಆರ್‌ಐ ಯಂತ್ರದೊಳಗೆ ನಿಧಾನವಾಗಿ ಎಳೆದು ಚಲನಚಿತ್ರದಂತೆ ಸೆರೆಹಿಡಿದರು. ಸದ್ದಾದ ಮೇಲೂ ಗುಳ್ಳೆ ಅಲ್ಲೇ ಇತ್ತು! ಒಡೆಯಲಿಲ್ಲ, ಹುಟ್ಟಿತು ಅಷ್ಟೇ ಎಂದು ಅವರ ವಾದ. 2018ರಲ್ಲಿ ಗಣಿತದ ಮಾದರಿ ಕಟ್ಟಿದ ಮತ್ತಿಬ್ಬರು, ಗುಳ್ಳೆ ಅರೆಬರೆ ಕುಸಿದರೂ ಅಷ್ಟು ಸದ್ದು ಬರುತ್ತದೆ, ಉಳಿದ ಗುಳ್ಳೆ ಒಳಗೇ ಇದ್ದೀತು ಎಂದು ರಾಜಿ ಮಾಡಿಸಲು ನೋಡಿದರು. ಜಗಳ ಮುಗಿದಿಲ್ಲ. ನಮಗೆ ಬೇಕಾದ ಸಂಗತಿಯಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಅಲ್ಲಿ ಸದ್ದು ಮಾಡುವುದು ಗುಳ್ಳೆ, ಮೂಳೆಗೆ ಮೂಳೆ ಉಜ್ಜುವುದಲ್ಲ. ಆ ಅನಿಲ ಮತ್ತೆ ದ್ರವದಲ್ಲಿ ಕರಗಲು ಸುಮಾರು 20 ನಿಮಿಷ ಬೇಕು. ಒಮ್ಮೆ ನೆಟಿಕೆ ಮುರಿದ ಬೆರಳು ಕೂಡಲೇ ಮತ್ತೊಮ್ಮೆ ಸದ್ದು ಮಾಡದಿರುವುದು ಅದಕ್ಕೇ.

ನೆಟಿಕೆ ಮುರಿದರೆ ಮುಂದೆ ಸಂಧಿವಾತ ಬರುತ್ತದೆ ಎಂದು ಮನೆಯ ಹಿರಿಯರು ಗದರಿಸುವುದುಂಟು. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಅವರಿಗೂ ಚಿಕ್ಕಂದಿನಲ್ಲಿ ತಾಯಿಯೂ ಚಿಕ್ಕಮ್ಮಂದಿರೂ ಹಾಗೇ ಹೆದರಿಸಿದ್ದರಂತೆ. ಅವರು ಎಡಗೈ ಬೆರಳುಗಳನ್ನು ಮಾತ್ರ ದಿನಕ್ಕೆ ಎರಡು ಬಾರಿಯಾದರೂ ಮುರಿಯುತ್ತ, ಬಲಗೈಯನ್ನು ಹೋಲಿಕೆಗೆಂದು ಹಾಗೇ ಬಿಟ್ಟು ಐವತ್ತು ವರ್ಷ ಕಳೆದರು. 1998ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಎರಡೂ ಕೈಗೆ ಸಂಧಿವಾತವಿಲ್ಲ ಎಂದು ವರದಿ ಒಪ್ಪಿಸಿದರು. 2009ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ಒಬ್ಬ ಮನುಷ್ಯನ ಎರಡು ಕೈಯಿಂದ ಲೋಕದ ಮಾತು ಹೇಳಲಾಗದು, ನಿಜ. ಆದರೆ 2011ರಲ್ಲಿ 215 ಜನರ ಕೈಗಳ ಎಕ್ಸ್-ರೇ ನೋಡಿದ ಅಧ್ಯಯನಕ್ಕೂ ನೆಟಿಕೆ ಮುರಿಯುವವರಲ್ಲಿ ಸವೆತ ಹೆಚ್ಚಾಗಿ ಕಾಣಲಿಲ್ಲ.

ಮಂಡಿಯ ಸದ್ದೆಲ್ಲ ಗುಳ್ಳೆಯದೇ ಅಲ್ಲ. ಅದನ್ನು ಪತ್ತೆ ಹಚ್ಚಲು ಒಂದು ಸುಲಭ ಉಪಾಯವಿದೆ. ಸದ್ದು ಬಂದ ಕೂಡಲೇ ಅದೇ ಚಲನೆಯನ್ನು ಮತ್ತೆ ಮಾಡಿ. ಈ ಸಲ ಸದ್ದಿಲ್ಲ ಎಂದರೆ ಬಹುಶಃ ಗುಳ್ಳೆ. ಪ್ರತಿ ಸಲವೂ ಅದೇ ಕೋನದಲ್ಲಿ ಟಕ್ ಅಂದರೆ ಸ್ನಾಯುವಿನ ಹುರಿಯೊಂದು ಮೂಳೆಯ ಉಬ್ಬನ್ನು ದಾಟಿ ಜಾರುತ್ತಿರಬಹುದು. ನನ್ನ ಬಲ ಭುಜದ್ದು ಈ ಜಾತಿಯದು. ವರ್ಷಗಟ್ಟಲೆಯಿಂದ ಟಕ್ ಅನ್ನುತ್ತಿದೆ, ಬೇರೇನೂ ಮಾಡಿಲ್ಲ. ಮೂರನೆಯ ಬಗೆ ಬೇರೆ. ಕುರ್ಚಿಯಲ್ಲಿ ಕೂತು ಮಂಡಿಚಿಪ್ಪಿನ ಮೇಲೆ ಅಂಗೈಯಿಟ್ಟು ಕಾಲನ್ನು ನಿಧಾನವಾಗಿ ಚಾಚಿ. ಅಂಗೈಯಡಿ ಮರಳು ಅರೆದಂತೆ ಕರಕರ ಅನ್ನಿಸಿದರೆ, ಕೀಲಿನೊಳಗಿನ ಎದುರುಬದುರಿನ ಮೈಗಳು ಮೊದಲಿನಷ್ಟು ನುಣುಪಾಗಿಲ್ಲ ಎಂಬ ಸುಳಿವು ಅದು. ನೋವೇ ಇಲ್ಲದ ಎಷ್ಟೋ ಮಂಡಿಗಳೂ ಹೀಗೆ ಕರಕರ ಅನ್ನುತ್ತವೆ. ಆದರೂ ಅಮೆರಿಕದಲ್ಲಿ ಸುಮಾರು 3,500 ಜನರನ್ನು ಕೆಲವು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಯಾವಾಗಲೂ ಕರಕರ ಅನ್ನುತ್ತದೆ ಎಂದವರಿಗೆ ಮುಂದೆ ನೋವಿನ ಸವೆತ ಕಾಣಿಸಿಕೊಳ್ಳುವ ಸಂಭವ ಹೆಚ್ಚಿತ್ತು. ಹಾಗೆ ನೋವು ಶುರುವಾದವರಲ್ಲಿ ಬಹುಪಾಲು ಜನರ ಎಕ್ಸ್-ರೇಯಲ್ಲಿ ಸವೆತದ ಗುರುತು ಮೊದಲೇ ಇತ್ತು.

ಬರೀ ಸದ್ದಿದ್ದು ನೋವು, ಊತ ಇಲ್ಲದಿದ್ದರೆ ಯಾವ ಮಾತ್ರೆಯೂ ಬೇಡ. ಗುಳ್ಳೆಗೂ ಜಾರುವ ಹುರಿಗೂ ಔಷಧ ಕೊಡುವುದು ಹೇಗೆ, ಏಕೆ? ಮುಂದಿನ ಮಾತೆಲ್ಲ ನೋಯುವ ಕೀಲಿನದು.

ತಿಂದ ಮೃದ್ವಸ್ಥಿ ಮಂಡಿಗೆ ಹೋಗುತ್ತದೆಯೇ?

ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಪದರಕ್ಕೆ ಮೃದ್ವಸ್ಥಿ ಅಥವಾ ಕಾರ್ಟಿಲೇಜ್ ಎನ್ನುತ್ತಾರೆ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ನೀರು. ಆ ನೀರನ್ನು ಹಿಡಿದಿಡಲು ಕೊಲಾಜೆನ್ ಎಳೆಗಳ ಬಲೆಯಿದೆ, ಬಲೆಯ ಸಂದಿಯಲ್ಲಿ ನೀರು ಹೀರುವ ಲೋಳೆ ಅಣುಗಳಿವೆ. ಕೊಂಡ್ರಾಯ್ಟಿನ್ ಆ ಲೋಳೆಯ ಒಂದು ಭಾಗ. ಗ್ಲುಕೋಸಮೈನ್ ಎಂಬುದು ಅಂಥ ಅಣುಗಳನ್ನು ಕಟ್ಟಲು ಜೀವಕೋಶಗಳು ಬಳಸುವ ಕಚ್ಚಾ ಸಾಮಗ್ರಿ. ಮಾತ್ರೆಯ ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ, ಕೊಂಡ್ರಾಯ್ಟಿನ್ ದನ, ಹಂದಿ, ಶಾರ್ಕ್‌ಗಳ ಮೃದ್ವಸ್ಥಿಯಿಂದ. ಸವೆದದ್ದು ಅದೇ, ತಿನ್ನುವುದೂ ಅದನ್ನೇ, ತುಂಬದೇ ಇರುತ್ತದೆಯೇ ಎಂಬುದು ಜಾಹೀರಾತಿನ ತರ್ಕ.

ಈ ತರ್ಕಕ್ಕೆ ಮೊದಲ ಅಡ್ಡಿ, ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ನರವೂ ಇಲ್ಲ. ನಡೆದಾಗ ಸ್ಪಂಜಿನಂತೆ ಹಿಂಡಿ, ಬಿಟ್ಟಾಗ ಸುತ್ತಲಿನ ದ್ರವವನ್ನು ಹೀರಿ ಅದು ತನ್ನ ಆಹಾರ ಪಡೆಯುತ್ತದೆ. ಎರಡನೆಯ ಅಡ್ಡಿ ಪ್ರಮಾಣದ್ದು. ನುಂಗಿದ 1,500 ಮಿಲಿಗ್ರಾಂ ಗ್ಲುಕೋಸಮೈನ್ ಕರುಳು, ಯಕೃತ್ತು ದಾಟುವಷ್ಟರಲ್ಲಿ ಸೋರಿ ಹೋಗಿ, ರಕ್ತಕ್ಕೆ ಬರುವುದು ತೀರ ಸ್ವಲ್ಪ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಪರಿಣಾಮ ತೋರಿಸಿದ ಸಾಂದ್ರತೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮೂರನೆಯ ಅಡ್ಡಿಯ ಕತೆ ನನಗೆ ಬಲು ಇಷ್ಟ. 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬು ಸಿಡಿಸಿ ನೋಡಿದವಲ್ಲ, ಆಗ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗಿಡ ಅದನ್ನು ಹೀರಿತು, ಗಿಡ ತಿಂದ ಪ್ರಾಣಿಗೂ ಮನುಷ್ಯನಿಗೂ ಅದು ಬಂತು. 1963ರಲ್ಲಿ ಅಂಥ ಪರೀಕ್ಷೆಗಳಿಗೆ ನಿಷೇಧ ಬಂದ ನಂತರ ವರ್ಷ ವರ್ಷವೂ ಅದರ ಮಟ್ಟ ಇಳಿಯುತ್ತ ಹೋಯಿತು. ಹಾಗಾಗಿ ಮೈಯ ಯಾವುದೇ ಅಂಗಾಂಶದಲ್ಲಿ ಎಷ್ಟು ಇಂಗಾಲ-14 ಇದೆ ಎಂದು ಅಳೆದರೆ ಅದು ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಲೆಕ್ಕ ಹಾಕಬಹುದು. ಡೆನ್ಮಾರ್ಕಿನ ಸಂಶೋಧಕರು ಬೇರೆ ಬೇರೆ ವರ್ಷ ಹುಟ್ಟಿದವರ ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದು 2016ರಲ್ಲಿ ಪ್ರಕಟಿಸಿದರು. ಅದರ ಕೊಲಾಜೆನ್ ಬಲೆ ಎಳೆವಯಸ್ಸಿನಲ್ಲಿ ಕಟ್ಟಿದ್ದೇ. ಬೆಳೆದು ನಿಂತ ಮೇಲೆ ಅದು ಬದಲಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆರೋಗ್ಯವಂತ ಮಂಡಿಯಲ್ಲೂ ಹಾಗೇ, ಸವೆದ ಮಂಡಿಯಲ್ಲೂ ಹಾಗೇ. ಎಳೆಗಳ ನಡುವಿನ ಲೋಳೆ ಇಷ್ಟು ಹಟಮಾರಿಯಲ್ಲ, ನಿಧಾನವಾಗಿಯಾದರೂ ಹೊಸದಾಗುತ್ತದೆ. ಆದರೆ ಬಲೆಯೇ ಹರಿದಿದ್ದರೆ ಲೋಳೆ ತುಂಬಿ ಏನು ಬಂತು? ಅರವತ್ತರ ಮಂಡಿಯಲ್ಲಿರುವ ಕೊಲಾಜೆನ್ ಹದಿನಾರರದ್ದು. ಬೆಳಿಗ್ಗೆ ನೀರಿಗೆ ಕಲಸಿ ಕುಡಿದ ಪುಡಿ ಅಲ್ಲಿಗೆ ಹೋಗಿ ನೇಯ್ಗೆಯಾಗಿ ಕೂರುತ್ತದೆ ಎಂದು ನಂಬಲು ನನಗಂತೂ ಕಷ್ಟ.

ಹಾಗೆಂದು ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಮೃದ್ವಸ್ಥಿ ಬೆಳೆಯದಿದ್ದರೂ ನೋವು ಕಡಿಮೆಯಾಗಬಹುದು. ಮೃದ್ವಸ್ಥಿಗೆ ನರವಿಲ್ಲವಾದ್ದರಿಂದ ನೋಯುವುದು ಅದಲ್ಲ. ಅದರಡಿಯ ಮೂಳೆ, ಕೀಲಿನ ಚೀಲದ ಒಳಪೊರೆ, ಸುತ್ತಲ ಸ್ನಾಯು, ಇವು ನೋಯುತ್ತವೆ. ಮಾತ್ರೆ ಆ ಉರಿಯೂತವನ್ನು ಇಳಿಸಿದರೂ ಸಾಕಲ್ಲ? ಇದಕ್ಕೆ ತರ್ಕದಿಂದ ಉತ್ತರ ಸಿಗುವುದಿಲ್ಲ, ಜನರಿಗೆ ಕೊಟ್ಟೇ ನೋಡಬೇಕು.

1,583 ಮಂಡಿಗಳ ಸಾಕ್ಷಿ

ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಗೇಟ್ ಎಂಬ ಅಡ್ಡಹೆಸರಿನದು ಪ್ರಸಿದ್ಧ. ಅಮೆರಿಕದ ಸರ್ಕಾರಿ ಹಣದಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು. ಮಂಡಿ ಸವೆತದ ನೋವಿದ್ದ 1,583 ಜನರನ್ನು ಐದು ಗುಂಪು ಮಾಡಿದರು. ಒಂದಕ್ಕೆ ಗ್ಲುಕೋಸಮೈನ್, ಒಂದಕ್ಕೆ ಕೊಂಡ್ರಾಯ್ಟಿನ್, ಒಂದಕ್ಕೆ ಎರಡೂ, ಒಂದಕ್ಕೆ ಸೆಲೆಕೋಕ್ಸಿಬ್ ಎಂಬ ನೋವು ನಿವಾರಕ, ಕೊನೆಯದಕ್ಕೆ ಔಷಧವೇ ಇಲ್ಲದ ಹುಸಿಮಾತ್ರೆ. 24 ವಾರಗಳ ಕಾಲ ಯಾರಿಗೆ ಏನು ಸಿಗುತ್ತಿದೆ ಎಂದು ನುಂಗಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ನೋವು ಐದನೇ ಒಂದು ಭಾಗವಾದರೂ ಇಳಿದರೆ ಗೆಲುವು ಎಂದು ಮೊದಲೇ ನಿಗದಿ ಮಾಡಿಕೊಂಡಿದ್ದರು.

ಎರಡೂ ಪೂರಕಗಳನ್ನು ಒಟ್ಟಿಗೆ ತೆಗೆದುಕೊಂಡವರಲ್ಲಿ ಶೇ. 66.6 ಮಂದಿಗೆ ಗುಣ ಕಂಡಿತು. ಕೇಳಲು ಭರ್ಜರಿ ಸಂಖ್ಯೆ. ಡಬ್ಬಿಯ ಮೇಲೆ "ಮೂವರಲ್ಲಿ ಇಬ್ಬರಿಗೆ ಆರಾಮ" ಎಂದು ಅಚ್ಚು ಹಾಕಿದರೆ ಸುಳ್ಳೂ ಆಗುವುದಿಲ್ಲ. ಆದರೆ ಹುಸಿಮಾತ್ರೆ ನುಂಗಿದವರಲ್ಲೂ ಶೇ. 60.1 ಮಂದಿಗೆ ಗುಣ ಕಂಡಿತ್ತು! ನಡುವಿನ ಆ ಆರೇಳು ಅಂಶ ಬರೀ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಸೆಲೆಕೋಕ್ಸಿಬ್ ಗುಂಪಿನದು ಶೇ. 70.1, ಅದು ಮಾತ್ರ ಹುಸಿಮಾತ್ರೆಯನ್ನು ಸ್ಪಷ್ಟವಾಗಿ ದಾಟಿತು.

ನೋವು ಜೋರಾಗಿದ್ದ ಸಣ್ಣ ಉಪಗುಂಪಿನಲ್ಲಿ ಎರಡೂ ಪೂರಕ ತೆಗೆದುಕೊಂಡವರಿಗೆ ಶೇ. 79.2, ಹುಸಿಮಾತ್ರೆಯವರಿಗೆ ಶೇ. 54.3 ಎಂದು ಬಂದದ್ದೂ ಉಂಟು. ಮಾರುವವರು ಇವತ್ತಿಗೂ ಹಿಡಿದುಕೊಂಡಿರುವುದು ಈ ಸಾಲನ್ನೇ. ಆ ಆಸೆಯನ್ನು ಮುಂದಿನ ಪ್ರಯೋಗಗಳು ಉಳಿಸಲಿಲ್ಲ. ಸ್ಪೇನಿನಲ್ಲಿ ಮಧ್ಯಮದಿಂದ ಜೋರು ನೋವಿದ್ದ 164 ಜನರಿಗೆ ಎರಡನ್ನೂ ಕೂಡಿಸಿ ಕೊಟ್ಟು ನೋಡಿದಾಗ ಹುಸಿಮಾತ್ರೆಯ ಗುಂಪಿಗೇ ಹೆಚ್ಚು ಆರಾಮ ಸಿಕ್ಕಿತು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಗ್ಲುಕೋಸಮೈನಿನಲ್ಲಿ ಎರಡು ಬಗೆ: ಸಲ್ಫೇಟ್ ಮತ್ತು ಹೈಡ್ರೋಕ್ಲೋರೈಡ್. ಗೇಟ್‌ನಲ್ಲಿ ಬಳಸಿದ್ದು ಹೈಡ್ರೋಕ್ಲೋರೈಡ್. ಯುರೋಪಿನ ಕೆಲವು ದೇಶಗಳಲ್ಲಿ ಸಲ್ಫೇಟ್ ರೂಪವನ್ನು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವಾಗಿಯೇ ತಯಾರಿಸುತ್ತಾರೆ. ಅದರ ಮೇಲೆ 212 ಜನರನ್ನು 3 ವರ್ಷ ನೋಡಿ 2001ರಲ್ಲಿ ಬಂದ ಪ್ರಯೋಗ ದೊಡ್ಡ ಸುದ್ದಿ ಮಾಡಿತು: ಹುಸಿಮಾತ್ರೆಯವರ ಮಂಡಿಯ ಸಂದು ಎಕ್ಸ್-ರೇಯಲ್ಲಿ ಸರಾಸರಿ 0.31 ಮಿಲಿಮೀಟರ್ ಕಿರಿದಾಯಿತು, ಗ್ಲುಕೋಸಮೈನಿನವರದು ಬಹುತೇಕ ಹಾಗೇ ಉಳಿಯಿತು. ಸಂದು ಅಂದರೆ ಮೃದ್ವಸ್ಥಿಯ ದಪ್ಪ ತಾನೆ? ಹಾಗೇನಿಲ್ಲ. ಆ ಪ್ರಯೋಗದಲ್ಲಿ ಎಕ್ಸ್-ರೇಗೆ ನಿಂತಾಗ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡಬೇಕಿತ್ತು. ನೋವಿರುವವರು ತುಸು ಮಡಿಸಿಕೊಂಡೇ ನಿಲ್ಲುತ್ತಾರೆ, ಅಷ್ಟಕ್ಕೇ ಅಳತೆ ಏರುಪೇರಾಗುತ್ತದೆ. ಕೂದಲೆಳೆಯಷ್ಟು ಅಂತರದ ಮೇಲೆ ನಿಂತ ವಾದಕ್ಕೆ ಇದು ಸಣ್ಣ ತೊಂದರೆಯಲ್ಲ. ಪ್ರಯೋಗಕ್ಕೆ ತಯಾರಕರ ಬೆಂಬಲವಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ಗೇಟ್‌ನ ಒಂದು ಪಾಲು ಜನರನ್ನು 2 ವರ್ಷ ಹಿಂಬಾಲಿಸಿದಾಗ ಸಂದಿನ ಕಿರಿದಾಗುವಿಕೆಯಲ್ಲಿ ನಂಬುವಂಥ ವ್ಯತ್ಯಾಸ ಕಾಣಲಿಲ್ಲ.

2010ರಲ್ಲಿ 10 ಪ್ರಯೋಗಗಳ 3,803 ಜನರ ಲೆಕ್ಕ ಕೂಡಿಸಿದವರು ಸಿಕ್ಕ ಲಾಭವನ್ನು ಒಂದು ಗೆರೆಯ ಮೇಲೆ ತೋರಿಸಿದರು. ಒಂದು ಕಾಗದದ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಎಡತುದಿ ನೋವೇ ಇಲ್ಲ, ಬಲತುದಿ ತಡೆಯಲಾರದ ನೋವು. ಗ್ಲುಕೋಸಮೈನ್ ನಿಮ್ಮ ಗುರುತನ್ನು ಹುಸಿಮಾತ್ರೆಗಿಂತ 4 ಮಿಲಿಮೀಟರ್ ಹೆಚ್ಚು ಎಡಕ್ಕೆ ಸರಿಸುತ್ತದೆ. ಕೊಂಡ್ರಾಯ್ಟಿನ್ 3 ಮಿಲಿಮೀಟರ್, ಎರಡೂ ಕೂಡಿದರೆ 5. ಮನುಷ್ಯನಿಗೆ ವ್ಯತ್ಯಾಸ ಅನ್ನಿಸಬೇಕಾದರೆ 9 ಮಿಲಿಮೀಟರ್ ಆದರೂ ಬೇಕು ಎಂಬುದು ಅವರು ಇಟ್ಟುಕೊಂಡ ಅಳತೆ. ಕಂಪನಿಗಳ ಹಣವಿಲ್ಲದ ಪ್ರಯೋಗಗಳಲ್ಲಿ ಲಾಭ ಇನ್ನೂ ಕಿರಿದಾಗಿತ್ತು.

ಹೀಗಾಗಿ ಅಮೆರಿಕದ ಸಂಧಿವಾತ ತಜ್ಞರ ಸಂಘವು 2019ರ ಮಾರ್ಗಸೂಚಿಯಲ್ಲಿ ಮಂಡಿ, ಸೊಂಟ, ಕೈ ಮೂರಕ್ಕೂ ಗ್ಲುಕೋಸಮೈನ್ ಬೇಡವೆಂದು ಕಡ್ಡಿ ಮುರಿದಂತೆ ಹೇಳಿತು. ಕೊಂಡ್ರಾಯ್ಟಿನ್ ಕೂಡ ಮಂಡಿಗೆ, ಸೊಂಟಕ್ಕೆ ಬೇಡ, ಕೈಬೆರಳ ಕೀಲಿಗೆ ಬೇಕಿದ್ದರೆ ನೋಡಬಹುದು ಎಂದಿತು. ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯದೂ ಗ್ಲುಕೋಸಮೈನ್ ಬೇಡವೆಂಬ ಮಾತೇ. ಯುರೋಪಿನ ಎಸ್ಸಿಯೋ ಎಂಬ ತಜ್ಞರ ಕೂಟ ಮಾತ್ರ ಔಷಧ ದರ್ಜೆಯ ಸಲ್ಫೇಟನ್ನು ಇನ್ನೂ ಬೆಂಬಲಿಸುತ್ತದೆ.

"ನನಗೆ ಗುಣ ಆಗಿದೆಯಲ್ಲ?"

ಈ ಅಂಕಿಗಳನ್ನು ಯಾರ ಮುಂದಿಟ್ಟರೂ ಬರುವ ಉತ್ತರ ಇದು. ಅವರು ಸುಳ್ಳು ಹೇಳುತ್ತಿಲ್ಲ. ಹುಸಿಮಾತ್ರೆಯಲ್ಲಿ ಶೇ. 60 ಮಂದಿಗೆ ಸಿಕ್ಕ ಆರಾಮವೂ ನಿಜವಾದ ಆರಾಮವೇ.

ಮಂಡಿನೋವು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಡಬ್ಬಿ ಕೊಳ್ಳುವುದು ಯಾವಾಗ? ನೋವು ತುದಿಗೇರಿದಾಗ. ತುದಿಗೇರಿದ್ದು ಇಳಿಯಲೇಬೇಕು. ಇಳಿಯುವ ಹೊತ್ತಿಗೆ ಸರಿಯಾಗಿ ಮಾತ್ರೆ ಹೊಟ್ಟೆಯಲ್ಲಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಹಾಗೆ. ಇದರ ಮೇಲೆ ನಂಬಿಕೆಯ ಕೆಲಸವೂ ಸೇರುತ್ತದೆ. ನೋವನ್ನು ಅಳೆಯುವ ಮಾಪಕ ಮಂಡಿಯಲ್ಲಿಲ್ಲ, ಮಿದುಳಿನಲ್ಲಿದೆ. ಗುಣವಾಗುತ್ತದೆ ಎಂದು ಅದಕ್ಕೆ ಅನ್ನಿಸಿದರೆ ನೋವಿನ ಸುದ್ದಿಯನ್ನು ಅದು ತಗ್ಗಿಸಿ ಓದುತ್ತದೆ. 2024ರಲ್ಲಿ ಬೊಜ್ಜು ಮತ್ತು ಮಂಡಿನೋವು ಎರಡೂ ಇದ್ದ 407 ಜನರ ಮೇಲೆ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಪರೀಕ್ಷಿಸಿದರು. ನೂರರ ಅಳತೆಯಲ್ಲಿ ಮದ್ದು ಪಡೆದವರ ನೋವು ಸುಮಾರು 42 ಅಂಶ ಇಳಿಯಿತು, ಹುಸಿಮದ್ದು ಪಡೆದವರದೂ 27.5 ಅಂಶ ಇಳಿದಿತ್ತು. ಅಂದರೆ ಹುಸಿಮದ್ದಿನ ಗುಂಪಿನಲ್ಲಿ ಇದ್ದರೂ ಇಷ್ಟು ಇಳಿಯುತ್ತದೆ. ಪಕ್ಕದಲ್ಲಿ ಹೋಲಿಕೆಗೆ ಗುಂಪಿಲ್ಲದೆ "ಗುಣ ಆಯಿತು" ಎಂದು ಬರುವ ಯಾವ ಸುದ್ದಿಯನ್ನೂ ನಾನು ನಂಬದಿರುವುದು ಇದಕ್ಕೇ.

ಉಳಿದ ಡಬ್ಬಿಗಳು

ಕೊಲಾಜೆನ್ ಪುಡಿ ಪ್ರೋಟೀನು. ಹೊಟ್ಟೆಗೆ ಹೋದರೆ ಉಳಿದ ಪ್ರೋಟೀನಿನಂತೆ ಚೂರುಚೂರಾಗುತ್ತದೆ, ಕೆಲವು ಪುಟ್ಟ ತುಣುಕುಗಳು ಹಾಗೇ ರಕ್ತಕ್ಕೂ ಬರುತ್ತವೆ. ಆ ತುಣುಕುಗಳು ಮೃದ್ವಸ್ಥಿಯ ಕೋಶಗಳನ್ನು ಚುರುಕು ಮಾಡುತ್ತವೆ ಎಂಬ ವಾದವಿದೆ. ದಿನಕ್ಕೆ 40 ಮಿಲಿಗ್ರಾಂ ಸಾಕು ಎನ್ನುವ, ಬೇಯಿಸಿ ಕೆಡಿಸದ ಎರಡನೇ ಬಗೆಯ ಕೊಲಾಜೆನ್ನಿನ ಕತೆ ಬೇರೆ. ಅದು ಸಾಮಗ್ರಿಯಾಗಿ ಅಲ್ಲ, ರೋಗನಿರೋಧಕ ವ್ಯವಸ್ಥೆಯನ್ನು ಸಮಾಧಾನ ಮಾಡುವ ಪಾಠವಾಗಿ ಕೆಲಸ ಮಾಡುತ್ತದಂತೆ. ಎರಡರ ಪರವಾಗಿಯೂ ಸಣ್ಣಪುಟ್ಟ ಪ್ರಯೋಗಗಳಿವೆ, ಹಲವಕ್ಕೆ ಮಾರುವವರದೇ ಹಣ.

ಕರ್ಕ್ಯುಮಿನ್ ನನಗೆ ಇವುಗಳಲ್ಲಿ ಕುತೂಹಲದ್ದು. ಅರಿಸಿನದಲ್ಲಿ ಅದರ ಪಾಲು ನೂರಕ್ಕೆ ಮೂರರಷ್ಟು. ನುಂಗಿದ್ದು ರಕ್ತಕ್ಕೆ ಸೇರುವುದೇ ಕಷ್ಟ. ಮೆಣಸಿನ ಪೈಪರೀನ್ ಜೊತೆಗಿದ್ದರೆ ಹೀರಿಕೆ 20 ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ ಮೇಲೆ ಡಬ್ಬಿಗಳಿಗೆ ಮೆಣಸೂ ಸೇರಿತು. ಆಸ್ಟ್ರೇಲಿಯಾದಲ್ಲಿ ಊದಿದ ಮಂಡಿಯ 70 ಜನರಿಗೆ 12 ವಾರ ಅರಿಸಿನದ ಸಾರ ಕೊಟ್ಟಾಗ ನೋವು ಹುಸಿಮಾತ್ರೆಗಿಂತ ಹೆಚ್ಚೇ ಇಳಿಯಿತು, ಎಂಆರ್‌ಐಯಲ್ಲಿ ಕಂಡ ಊತ ಮಾತ್ರ ಕದಲಲಿಲ್ಲ. ಪ್ರಯೋಗಗಳು ಚಿಕ್ಕವಾದರೂ ಫಲಿತಾಂಶ ತಳ್ಳಿಹಾಕುವಂಥದ್ದಲ್ಲ. ಶಲ್ಲಕಿ ಎಂದೂ ಕರೆಯುವ ಬೊಸ್ವೆಲಿಯಾ ಮರದ ಅಂಟಿನದೂ ಸುಮಾರಾಗಿ ಇದೇ ಸ್ಥಿತಿ.

ಮೀನೆಣ್ಣೆಯ ಒಮೆಗಾ-3ಕ್ಕೆ ರುಮಟಾಯ್ಡ್ ಸಂಧಿವಾತದಲ್ಲಿ ಒಂದಿಷ್ಟು ಹೆಸರಿದೆ. ಅದು ಮೈಯ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ, ಸವೆತವಲ್ಲ. ಸವೆತಕ್ಕೆ ಕೊಟ್ಟು ನೋಡಿದ 202 ಜನರ ಪ್ರಯೋಗದಲ್ಲಿ ತಮಾಷೆಯ ಫಲ ಬಂತು: 2 ವರ್ಷದ ಕೊನೆಗೆ ಹತ್ತು ಪಟ್ಟು ಹೆಚ್ಚು ಕುಡಿದವರಿಗಿಂತ ಕಡಿಮೆ ಕುಡಿದವರೇ ಆರಾಮಾಗಿದ್ದರು. ಸಿಗಡಿಯಂಥ ಪುಟ್ಟ ಕಡಲಜೀವಿ ಕ್ರಿಲ್‌ನಿಂದ ತೆಗೆದ ಎಣ್ಣೆಯನ್ನು 262 ಜನರಿಗೆ 24 ವಾರ ಕೊಟ್ಟ 2024ರ ಪ್ರಯೋಗದಲ್ಲಿ ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ವಿಟಮಿನ್ ಡಿ ಕಡಿಮೆಯಿದ್ದು ಮಂಡಿಯೂ ಸವೆದಿದ್ದ 413 ಜನರಿಗೆ 2 ವರ್ಷ ಆ ವಿಟಮಿನ್ ಕೊಟ್ಟರೂ ಮೃದ್ವಸ್ಥಿಗಾಗಲಿ ನೋವಿಗಾಗಲಿ ನಂಬುವಂಥ ಲಾಭ ಆಗಲಿಲ್ಲ. ಆದರೆ ಡಿ ತೀರಾ ಕುಸಿದರೆ ಮೂಳೆಯೂ ಸ್ನಾಯುವೂ ನೋಯುತ್ತವೆ, ಜನ ಅದನ್ನು ಕೀಲುನೋವು ಎಂದುಕೊಳ್ಳುತ್ತಾರೆ. ಅಲ್ಲಿ ಕೊಡಲೇಬೇಕು, ರಕ್ತ ಪರೀಕ್ಷೆ ನೋಡಿ. ಗಂಧಕವಿರುವ ಎಂಎಸ್‌ಎಂ ಎಂಬ ಪೂರಕದ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ.

ಲಾಭ ಇಲ್ಲದಿದ್ದರೆ ಬೇಡ, ನಷ್ಟವಂತೂ ಇಲ್ಲವಲ್ಲ?

ಬಹುತೇಕ ಜನರಿಗೆ ಇಲ್ಲ. ಹೊಟ್ಟೆ ಉಬ್ಬರ, ಎದೆಯುರಿ, ಸ್ವಲ್ಪ ಭೇದಿ, ಅಷ್ಟೇ. ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಗ್ಲುಕೋಸಮೈನನ್ನು ಮುಟ್ಟಬಾರದು. ರಕ್ತ ಬೇಕಾದ್ದಕ್ಕಿಂತ ತೆಳುವಾಗಿ ರಕ್ತಸ್ರಾವವಾದ ವರದಿಗಳಿವೆ. ಸಿಗಡಿ, ಏಡಿ ಒಗ್ಗದವರು ಡಬ್ಬಿಯ ಮೇಲಿನ ಅಕ್ಷರ ಓದಬೇಕು. ಅಲರ್ಜಿಯ ಪ್ರೋಟೀನು ಮಾಂಸದಲ್ಲಿರುತ್ತದೆ, ಚಿಪ್ಪಿನಲ್ಲಿ ಅಲ್ಲ, ಆದರೂ ಹುಷಾರಾಗಿರುವುದು ಲೇಸು. ಅರಿಸಿನದ ಸಾರವೂ ಸಾಧು ಪ್ರಾಣಿಯಲ್ಲ. ಅಡುಗೆಯ ಚಿಟಿಕೆಯಲ್ಲಿ ಆಗದ್ದು ಸಾಂದ್ರಗೊಳಿಸಿ ಹೀರಿಕೆ ಹೆಚ್ಚಿಸಿದ ಮಾತ್ರೆಯಲ್ಲಿ ಆಗುತ್ತದೆ. ಅದರಿಂದ ಯಕೃತ್ತು ಕೆಟ್ಟ 10 ಜನರ ಪ್ರಕರಣಗಳನ್ನು ಅಮೆರಿಕದ ಸಂಶೋಧಕರು 2022ರಲ್ಲಿ ಮುಂದಿಟ್ಟರು. ಅವರಲ್ಲಿ 7 ಮಂದಿಗೆ ಒಂದೇ ಬಗೆಯ ಆನುವಂಶಿಕ ಗುರುತಿತ್ತು, ಒಬ್ಬರು ತೀರಿಕೊಂಡರು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರೆ ಆ ಕ್ಷಣವೇ ನಿಲ್ಲಬೇಕು.

ಇದೆಲ್ಲಕ್ಕಿಂತ ನನ್ನನ್ನು ಹೆದರಿಸುವುದು ಎರಡೇ ದಿನದಲ್ಲಿ ಪವಾಡ ಮಾಡುವ "ಗಿಡಮೂಲಿಕೆ" ಮಾತ್ರೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆರ್ಟ್ರಿ ಕಿಂಗ್ ಎಂಬ ಹೆಸರಿನ ಕೀಲುನೋವಿನ ಪೂರಕಗಳನ್ನು ಪರೀಕ್ಷಿಸಿದಾಗ ಲೇಬಲ್ಲಿನಲ್ಲಿ ಇಲ್ಲದ ಡೈಕ್ಲೋಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಸಿಕ್ಕವು. ಒಂದು ನೋವು ನಿವಾರಕ, ಇನ್ನೊಂದು ಬಲವಾದ ಸ್ಟೀರಾಯ್ಡ್. ನೋವು ಮಾಯವಾಗದೆ ಇರುತ್ತದೆಯೇ! ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ತಿಂದರೆ ಮೈಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಆಮೇಲೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ನಿಧಾನವಾಗಿ, ವೈದ್ಯರ ಕಣ್ಣೆದುರಿಗೇ ಬಿಡಬೇಕು. ಗಿಡಮೂಲಿಕೆ ಎಂದು ತಿಂದವರಿಗೆ ಇದು ಗೊತ್ತಾಗುವುದು ಹೇಗೆ? ಹಸಿವು ವಿಪರೀತವಾಗಿ ಮುಖ ಗುಂಡಗೆ ಊದಿಕೊಂಡರೆ, ಇದ್ದಕ್ಕಿದ್ದಂತೆ ಸಕ್ಕರೆ ಏರಿದರೆ, ಡಬ್ಬಿಯನ್ನೇ ವೈದ್ಯರ ಮುಂದೆ ಇಡಿ.

ಇಷ್ಟಾದ ಮೇಲೂ ಒಂದು ಕೈ ನೋಡೋಣ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಒಂದೇ ಒಂದನ್ನು ತೆಗೆದುಕೊಳ್ಳಿ, ಐದಾರನ್ನು ಬೆರೆಸಿದ್ದನ್ನಲ್ಲ. ಮಾಮೂಲಿ ಔಷಧಗಳ ಪಟ್ಟಿ ಹಿಡಿದು ವೈದ್ಯರನ್ನೋ ಔಷಧ ತಜ್ಞರನ್ನೋ ಮೊದಲು ಕೇಳಿ. ಶುರು ಮಾಡುವ ಮುನ್ನ ಎರಡು ವಾರ ಏನೂ ತಿನ್ನದೆ ಪ್ರತಿ ಸಂಜೆ ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯಿರಿ. ಜೊತೆಗೆ ನಿಮಗೆ ಬೇಕಾದ ಒಂದು ಕೆಲಸವನ್ನೂ ಅಳೆಯಿರಿ: ಕೈ ಊರದೆ ಎಷ್ಟು ಮೆಟ್ಟಿಲು, ನಿಲ್ಲದೆ ಎಷ್ಟು ನಿಮಿಷ ನಡಿಗೆ. ಮೂರು ತಿಂಗಳು ತಿಂದು, ಒಂದು ತಿಂಗಳು ಬಿಟ್ಟು, ಪುಸ್ತಕ ತೆರೆದು ನೋಡಿ. ಬಿಟ್ಟ ತಿಂಗಳಲ್ಲೂ ಅಂಕ ಹಾಗೇ ಇದ್ದರೆ ಡಬ್ಬಿಯ ಪಾತ್ರ ಏನಿತ್ತು ಎಂದು ನಾನು ಹೇಳಬೇಕಿಲ್ಲ.

ಆ ಮೂರು ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವನ್ನೂ ಗಟ್ಟಿ ಮಾಡಿಕೊಳ್ಳಿ. ಗಟ್ಟಿ ಕುರ್ಚಿಯ ಅಂಚಿನಲ್ಲಿ ಕೂತು, ಕೈಯನ್ನು ಎದೆಗೆ ಕಟ್ಟಿ, ಮೂರು ಎಣಿಸುತ್ತ ಏಳುವುದು, ಮೂರು ಎಣಿಸುತ್ತ ಕೂರುವುದು. ಕೂರುವಾಗ ದೊಪ್ಪನೆ ಬೀಳಬಾರದು. ಆ ತಡೆದು ಇಳಿಯುವುದರಲ್ಲೇ ಅರ್ಧ ಲಾಭ. ಮೊದಲ ವಾರ ಐದು ಸಲ ಆದರೂ ಸಾಕು. ವ್ಯಾಯಾಮದ ಮೇಲಿನ 44 ಪ್ರಯೋಗಗಳನ್ನು ಕೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ ಮಂಡಿನೋವು ನೂರಕ್ಕೆ 12 ಅಂಶ ಇಳಿದಿತ್ತು. ಹಿಂದೆ ಎಳೆದ ಗೆರೆಯ ಮೇಲೆ ಇದು 12 ಮಿಲಿಮೀಟರ್, ಗ್ಲುಕೋಸಮೈನಿನ 4ಕ್ಕೆ ಎದುರಾಗಿ. ವ್ಯಾಯಾಮಕ್ಕೆ ಹುಸಿಮಾತ್ರೆ ಮಾಡಲು ಬರುವುದಿಲ್ಲವಾದ್ದರಿಂದ ಈ 12ರಲ್ಲೂ ನಂಬಿಕೆಯ ಪಾಲು ಇದ್ದೇ ಇರುತ್ತದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸ್ನಾಯು ಗಟ್ಟಿಯಾದದ್ದು ಮಾತ್ರ ಉಳಿಯುವ ಲಾಭ. ಮೈತೂಕ ಹೆಚ್ಚಿದ್ದರೆ ಇನ್ನೊಂದು ಲೆಕ್ಕವಿದೆ: ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆ. ನೋವು ಕಾಡುವ ದಿನ ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಇದೆ. ಅದು ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ.

ಕೆಲವು ಮಂಡಿಗಳು ಮೂರು ತಿಂಗಳು ಕಾಯಬಾರದು. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆ ದಾಟಿಯೂ ಸಡಿಲವಾಗದೆ, ಎರಡೂ ಕೈಗಳ ಬೆರಳ ಬುಡ ಊದಿಕೊಂಡಿದ್ದರೆ ಅದು ರುಮಟಾಯ್ಡ್ ಇರಬಹುದು. ಅದಕ್ಕೆ ಬೇಗ ಔಷಧ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ. ರಾತ್ರೋರಾತ್ರಿ ಕಾಲ ಹೆಬ್ಬೆರಳು ಕೆಂಡದಂತಾದರೆ ಯೂರಿಕ್ ಆಮ್ಲದ ಗೌಟ್ ಇದ್ದೀತು. ಮಂಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ನಡೆಯುವಾಗ ಕುಸಿದರೆ, ಬಿದ್ದ ನಂತರ ಊದಿಕೊಂಡರೆ ತೋರಿಸಬೇಕು. ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿ, ಮೈಯೂ ಜ್ವರದಿಂದ ನಡುಗುತ್ತಿದ್ದರೆ ಒಳಗೆ ಸೋಂಕು ಹೊಕ್ಕಿರಬಹುದು. ಜೀವಮಾನಕ್ಕೊಮ್ಮೆ ಕಟ್ಟಿದ ಆ ಕೊಲಾಜೆನ್ ಬಲೆಯನ್ನು ಕೀವು ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ. ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು.